ಮತ್ತೆ ಮತ್ತೆ ಕಣಕ್ಕೆ: ಅಮೆರಿಕದ ರಾಜ್ಯ ಚುನಾವಣೆಗಳಲ್ಲಿ ಮೂರನೇ ಪಕ್ಷದ ಅಭ್ಯರ್ಥಿ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಗವರ್ನರ್ ಅಥವಾ ಸೆನೆಟ್ ಚುನಾವಣೆ ಬಂದಾಗ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಅಭ್ಯರ್ಥಿಗಳ ಜೊತೆಗೆ ಇನ್ನೊಂದೆರಡು ಹೆಸರುಗಳೂ ಮತಪತ್ರದಲ್ಲಿ ಇರುತ್ತವೆ. ಗ್ರೀನ್, ಲಿಬರ್ಟೇರಿಯನ್, ಸೋಷಿಯಲಿಸ್ಟ್ ಮೊದಲಾದ ಸಣ್ಣ ಪಕ್ಷಗಳವರು ಇವರು. ಇವರಲ್ಲಿ ಕೆಲವರು ಒಮ್ಮೆ ಸೋತು ಸುಮ್ಮನಾಗುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಅದೇ ಹುದ್ದೆಗೆ, ನಡುವೆ ಬೇರೊಂದು ಹುದ್ದೆಗೆ, ಶೇ 1 ಅಥವಾ 2ರಷ್ಟು, ತುಂಬ ಅನುಕೂಲವಾದರೆ ಶೇ 5ರಷ್ಟು ಮತ ಪಡೆಯುತ್ತ ಮತ್ತೆ ಮತ್ತೆ ಕಣಕ್ಕಿಳಿಯುತ್ತಾರೆ. ಗೆಲ್ಲುವುದಿಲ್ಲವೆಂದು ಅವರಿಗೂ ಗೊತ್ತು, ಮತ ಹಾಕುವವರಿಗೂ ಗೊತ್ತು. ಹಾಗಿದ್ದ ಮೇಲೆ ಈ ಮರುಸ್ಪರ್ಧೆಗಳಿಂದ ಆಗುವುದೇನು ಎಂಬ ಪ್ರಶ್ನೆಗೆ ರಾಜ್ಯಶಾಸ್ತ್ರಜ್ಞರು, ನ್ಯಾಯಾಲಯಗಳು, ಪಕ್ಷಗಳ ಕಾರ್ಯಕರ್ತರು ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ.

ಭಾರತದ ಓದುಗರಿಗೆ ಒಂದು ವ್ಯತ್ಯಾಸ ಮೊದಲೇ ಸ್ಪಷ್ಟವಾಗಬೇಕು. ಅಮೆರಿಕದ ಗವರ್ನರ್ ರಾಷ್ಟ್ರಪತಿ ನೇಮಿಸುವ ರಾಜ್ಯಪಾಲರಂಥವರಲ್ಲ. ಅಧಿಕಾರದಲ್ಲಿ ಮುಖ್ಯಮಂತ್ರಿಗೆ ಸಮನಾದ ಅವರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ಅಂದರೆ ಇಡೀ ರಾಜ್ಯ ಒಂದೇ ಕ್ಷೇತ್ರ, ಇರುವುದು ಒಂದೇ ಸ್ಥಾನ. ಮೂರನೇ ಪಕ್ಷಗಳ ಕಷ್ಟವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಮತಪತ್ರ ಸರ್ಕಾರದ ಕೈಗೆ ಬಂದ ಬಗೆ

19ನೇ ಶತಮಾನದ ಬಹುಪಾಲು ಅಮೆರಿಕದಲ್ಲಿ ಸರ್ಕಾರ ಮತಪತ್ರ ಮುದ್ರಿಸುತ್ತಿರಲಿಲ್ಲ. ಪಕ್ಷಗಳೇ ತಮ್ಮ ಅಭ್ಯರ್ಥಿಗಳ ಪಟ್ಟಿ ಅಚ್ಚು ಹಾಕಿಸಿ ಹಂಚುತ್ತಿದ್ದವು, ಮತದಾರ ಅದನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಹೊಸ ಪಕ್ಷವೊಂದು ಕಣಕ್ಕಿಳಿಯಲು ಅಚ್ಚುಕೂಟದ ಖರ್ಚು ಮತ್ತು ಹಂಚುವ ಆಳು ಇದ್ದರೆ ಸಾಕಿತ್ತು. 1888ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಆಸ್ಟ್ರೇಲಿಯಾ ಮಾದರಿಯ ಗುಪ್ತ ಮತಪತ್ರವನ್ನು ತಂದಿತು. ಸರ್ಕಾರವೇ ಮುದ್ರಿಸುವ, ಎಲ್ಲ ಹೆಸರೂ ಒಂದೇ ಹಾಳೆಯಲ್ಲಿರುವ ಆ ಪದ್ಧತಿ ಕೆಲವೇ ವರ್ಷಗಳಲ್ಲಿ ದೇಶದ ತುಂಬ ಹರಡಿತು. ಬೆದರಿಕೆ ಮತ್ತು ಮತಖರೀದಿಯನ್ನು ತಡೆದ ಈ ಸುಧಾರಣೆ ಹೊಸದೊಂದು ಅಧಿಕಾರವನ್ನೂ ಸೃಷ್ಟಿಸಿತು. ಯಾರ ಹೆಸರು ಅಚ್ಚಾಗಬೇಕು ಎಂದು ತೀರ್ಮಾನಿಸುವವರು ಈಗ ಶಾಸಕರು. ಆ ಶಾಸಕರು ಎರಡು ದೊಡ್ಡ ಪಕ್ಷಗಳವರು.

ಎರಡನೇ ಬೀಗ ಬಿದ್ದದ್ದು ಜಂಟಿ ಉಮೇದುವಾರಿಕೆಗೆ. ಒಬ್ಬನೇ ಅಭ್ಯರ್ಥಿಯನ್ನು ಎರಡು ಪಕ್ಷಗಳು ತಮ್ಮ ತಮ್ಮ ಹೆಸರಿನಡಿ ನಿಲ್ಲಿಸಿ ಮತಗಳನ್ನು ಕೂಡಿಸಿಕೊಳ್ಳುವ ಪದ್ಧತಿ 19ನೇ ಶತಮಾನದಲ್ಲಿ ಸಾಮಾನ್ಯವಾಗಿತ್ತು. ಪಶ್ಚಿಮದ ಹಾಗೂ ನಡುನಾಡಿನ ರಾಜ್ಯಗಳಲ್ಲಿ ರೈತರ ಪೀಪಲ್ಸ್ ಪಾರ್ಟಿ ಡೆಮಾಕ್ರಟರೊಂದಿಗೆ ಹೀಗೆ ಕೂಡಿಕೊಂಡು ಗೆಲ್ಲುತ್ತಿತ್ತು. 1890ರ ದಶಕದಿಂದೀಚೆಗೆ ಒಂದಾದ ಮೇಲೊಂದು ರಾಜ್ಯ ಇದನ್ನು ನಿಷೇಧಿಸಿತು. ಈ ನಿಷೇಧಗಳ ಹಿಂದಿದ್ದ ಪಕ್ಷಲಾಭದ ಲೆಕ್ಕಾಚಾರವನ್ನು ಇತಿಹಾಸಕಾರ ಪೀಟರ್ ಅರ್ಗರ್ಸಿಂಗರ್ 1980ರ ಪ್ರಬಂಧವೊಂದರಲ್ಲಿ ವಿವರವಾಗಿ ತೋರಿಸಿದರು. 1997ರಲ್ಲಿ ಟಿಮನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ನಿಷೇಧ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಕೆಲವೇ ರಾಜ್ಯಗಳಲ್ಲಿ ಈ ಪದ್ಧತಿ ಇಂದು ಪೂರ್ಣ ರೂಪದಲ್ಲಿ ಉಳಿದಿದೆ.

ಮೂರನೆಯದು ಸಹಿಗಳ ಲೆಕ್ಕ. ಭಾರತದಲ್ಲಿ ಅಭ್ಯರ್ಥಿ ಠೇವಣಿ ಕಟ್ಟುತ್ತಾನೆ, ಚಲಾಯಿತ ಸಿಂಧು ಮತಗಳಲ್ಲಿ ಆರನೇ ಒಂದರಷ್ಟಕ್ಕಿಂತ ಹೆಚ್ಚು ಬರದಿದ್ದರೆ ಅದನ್ನು ಕಳೆದುಕೊಳ್ಳುತ್ತಾನೆ. ಅಮೆರಿಕದ ರಾಜ್ಯಗಳು ಕೇಳುವುದು ಮುಖ್ಯವಾಗಿ ಮತದಾರರ ಸಹಿ. 1968ರಲ್ಲಿ ಒಹಾಯೊ ರಾಜ್ಯ ಹೊಸ ಪಕ್ಷದಿಂದ 4,33,100 ಸಹಿ ಕೇಳಿತ್ತು. ವಿಲಿಯಮ್ಸ್ ವಿರುದ್ಧ ರೋಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೂರೇ ವರ್ಷಕ್ಕೆ, 1971ರಲ್ಲಿ, ನೋಂದಾಯಿತ ಮತದಾರರ ಶೇ 5ರಷ್ಟು ಸಹಿ ಕೇಳುತ್ತಿದ್ದ ಜಾರ್ಜಿಯಾದ ನಿಯಮವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಆ ಪ್ರಕರಣ ಹೂಡಿದವರಲ್ಲಿ ಮುಖ್ಯರಾದವರು ಗವರ್ನರ್ ಹುದ್ದೆಗೆ ನಿಲ್ಲಬಯಸಿದ್ದ ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದ ಲಿಂಡಾ ಜೆನೆಸ್. ಎಷ್ಟು ಸಹಿ ನ್ಯಾಯ, ಎಷ್ಟು ಅನ್ಯಾಯ ಎಂಬುದಕ್ಕೆ ಅಂದಿನಿಂದ ಇಂದಿನವರೆಗೆ ಒಂದು ಗೆರೆ ಸಿಕ್ಕಿಲ್ಲ.

ಸಹಿ ಸಂಗ್ರಹದಿಂದ ತಪ್ಪಿಸಿಕೊಳ್ಳಲು ಬಹುತೇಕ ರಾಜ್ಯಗಳಲ್ಲಿ ಒಂದು ದಾರಿ ಉಂಟು. ಹಿಂದಿನ ಚುನಾವಣೆಯಲ್ಲಿ ನಿಗದಿತ ಪ್ರಮಾಣದ ಮತ ಪಡೆದ ಪಕ್ಷಕ್ಕೆ ಮುಂದಿನ ಬಾರಿ ಮತಪತ್ರದಲ್ಲಿ ಜಾಗ ತಾನಾಗಿಯೇ ಸಿಗುತ್ತದೆ. ಮರುಸ್ಪರ್ಧೆಯ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ನ್ಯೂಯಾರ್ಕಿನ ಐವತ್ತು ಸಾವಿರ ಮತ

ಇದನ್ನು ಹತ್ತಿರದಿಂದ ನೋಡಲು ನ್ಯೂಯಾರ್ಕ್ ರಾಜ್ಯದ ಗ್ರೀನ್ ಪಕ್ಷಕ್ಕಿಂತ, ಅದರ ಅಭ್ಯರ್ಥಿ ಹೋವಿ ಹಾಕಿನ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸಿರಾಕ್ಯೂಸ್ ನಗರದ ಪಾರ್ಸೆಲ್ ಸಾಗಿಸುವ ಯುಪಿಎಸ್ ಕಂಪನಿಯ ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಲಾರಿಗಳಿಂದ ಸರಕು ಇಳಿಸುತ್ತಿದ್ದ, ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ ಸದಸ್ಯರಾಗಿದ್ದ ಹಾಕಿನ್ಸ್ 1980ರ ದಶಕದಲ್ಲಿ ಅಮೆರಿಕದ ಗ್ರೀನ್ ಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರು. 2006ರಲ್ಲಿ ಸೆನೆಟ್‌ಗೆ, 2010, 2014 ಮತ್ತು 2018ರಲ್ಲಿ ಗವರ್ನರ್ ಹುದ್ದೆಗೆ ಅವರು ನಿಂತರು. ನಡುವೆ ಸಿರಾಕ್ಯೂಸ್ ನಗರಸಭೆ ಮತ್ತು ಮೇಯರ್ ಸ್ಥಾನಕ್ಕೂ ಸ್ಪರ್ಧಿಸಿದರು.

ನ್ಯೂಯಾರ್ಕಿನ ಆಗಿನ ನಿಯಮ ಸರಳವಾಗಿತ್ತು. ಗವರ್ನರ್ ಚುನಾವಣೆಯಲ್ಲಿ 50,000 ಮತ ಪಡೆದ ಪಕ್ಷಕ್ಕೆ ಮುಂದಿನ ನಾಲ್ಕು ವರ್ಷ ರಾಜ್ಯದ ಎಲ್ಲ ಚುನಾವಣೆಗಳಲ್ಲಿ ಮತಪತ್ರದ ಮೇಲೆ ತನ್ನದೇ ಸಾಲು. ಪಡೆಯದಿದ್ದರೆ ಪ್ರತಿ ಹುದ್ದೆಗೂ ಸಹಿ ಸಂಗ್ರಹಿಸುತ್ತ ಬೀದಿ ಬೀದಿ ಅಲೆಯಬೇಕು. ರಾಜ್ಯಮಟ್ಟದ ಹುದ್ದೆಯಾದರೆ 15,000 ಸಹಿ. 1998ರಲ್ಲಿ ಗ್ರೀನ್ ಪಕ್ಷ ಟಿವಿ ನಟ ಆಲ್ ಲೂಯಿಸ್ ಅವರನ್ನು ಗವರ್ನರ್ ಹುದ್ದೆಗೆ ನಿಲ್ಲಿಸಿ 52 ಸಾವಿರದಷ್ಟು ಮತ ಗಳಿಸಿ ಸಾಲು ಪಡೆಯಿತು. 2002ರಲ್ಲಿ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಅರೋನೊವಿಟ್ಜ್ ಸುಮಾರು 42 ಸಾವಿರಕ್ಕೆ ನಿಂತರು. ಸಾಲು ಹೋಯಿತು.

2006ರ ಫಲಿತಾಂಶ ಈ ನಿಯಮದ ಸ್ವಭಾವವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅಂದು ಸೆನೆಟ್‌ಗೆ ಹಿಲರಿ ಕ್ಲಿಂಟನ್ ಎದುರು ನಿಂತಿದ್ದ ಹಾಕಿನ್ಸ್ ಅವರಿಗೆ 55 ಸಾವಿರ ದಾಟಿ ಮತ ಬಂತು. ಅದೇ ದಿನ, ಅದೇ ಮತಪತ್ರದಲ್ಲಿ, ಗವರ್ನರ್ ಹುದ್ದೆಗಿದ್ದ ಗ್ರೀನ್ ಅಭ್ಯರ್ಥಿ, ಲೇಖಕ ಮಲಾಕಿ ಮೆಕ್‌ಕೋರ್ಟ್ ಅವರಿಗೆ ಬಂದದ್ದು 42 ಸಾವಿರ. ಲೆಕ್ಕಕ್ಕೆ ಬರುವುದು ಗವರ್ನರ್ ಮತ ಮಾತ್ರ. ಹಾಕಿನ್ಸ್ ಗಳಿಸಿದ ಮತಗಳು ಪಕ್ಷದ ಮಾನ್ಯತೆಗೆ ಎಳ್ಳಷ್ಟೂ ನೆರವಾಗಲಿಲ್ಲ. ಮುಂದಿನ ಬಾರಿ ಅವರು ಗವರ್ನರ್ ಹುದ್ದೆಗೇ ನಿಂತರು. 2010ರಲ್ಲಿ ಸುಮಾರು 60 ಸಾವಿರ ಮತ ಪಡೆದು ಸಾಲನ್ನು ಮರಳಿ ತಂದರು. ಒಟ್ಟು ಮತದಲ್ಲಿ ಅದು ಶೇ 1.3. ಗೆದ್ದ ಆಂಡ್ರ್ಯೂ ಕುವೊಮೊ ಅವರ ಮುಂದೆ ಆ ಸಂಖ್ಯೆ ಏನೂ ಅಲ್ಲ. ಆದರೆ ಅದರಿಂದ ನಾಲ್ಕು ವರ್ಷ ಕಾಲ ರಾಜ್ಯದ ಯಾವುದೇ ಊರಿನ ಗ್ರೀನ್ ಕಾರ್ಯಕರ್ತ ಪಕ್ಷದ ಸಾಲಿನ ಮೇಲೆ ಸ್ಥಳೀಯ ಚುನಾವಣೆಗೆ ನಿಲ್ಲುವ ಹಾದಿ ಸುಗಮವಾಯಿತು. ಮರುವರ್ಷ ಸಿರಾಕ್ಯೂಸ್ ನಗರಸಭೆಗೆ ನಿಂತ ಹಾಕಿನ್ಸ್ ಅವರಿಗೇ ಹತ್ತಿರ ಹತ್ತಿರ ಅರ್ಧದಷ್ಟು, ಶೇ 48ರಷ್ಟು ಮತ ಬಂತು.

2014 ಅವರ ಅತ್ಯುತ್ತಮ ವರ್ಷ. ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಕಾನೂನು ಪ್ರಾಧ್ಯಾಪಕಿ ಜೆಫಿರ್ ಟೀಚ್‌ಔಟ್ ಮೂರನೇ ಒಂದರಷ್ಟು ಮತ ಪಡೆದು ಕುವೊಮೊ ವಿರುದ್ಧದ ಅತೃಪ್ತಿಯನ್ನು ಬಯಲಿಗೆ ತಂದಿದ್ದರು. ಶಾಲಾ ಪರೀಕ್ಷಾ ನೀತಿಯ ಬಗ್ಗೆ ಶಿಕ್ಷಕರಿಗೆ ಸಿಟ್ಟಿತ್ತು. ಬಂಡೆ ಸೀಳಿ ಅನಿಲ ತೆಗೆಯುವ ಫ್ರ್ಯಾಕಿಂಗ್‌ಗೆ ಅವಕಾಶ ಕೊಡುವರೋ ಇಲ್ಲವೋ ಎಂಬುದನ್ನು ಕುವೊಮೊ ವರ್ಷಗಳಿಂದ ಹೇಳಿರಲಿಲ್ಲ. ಈ ಮೂರೂ ಕಡೆಯಿಂದ ಮತ ಹರಿದು ಹಾಕಿನ್ಸ್ 1.84 ಲಕ್ಷ ಮತ, ಶೇ 5ರ ಸಮೀಪ, ಪಡೆದರು. ಗ್ರೀನ್ ಪಕ್ಷ ಮತಪತ್ರದಲ್ಲಿ ನಾಲ್ಕನೇ ಸಾಲಿಗೆ ಏರಿತು. 2018ರಲ್ಲಿ ಅದು 1.04 ಲಕ್ಷಕ್ಕೆ ಇಳಿಯಿತು. ಆದರೂ ಸಾಲು ಉಳಿಯಿತು.

ಆಮೇಲೆ ನಿಯಮವೇ ಬದಲಾಯಿತು. ಚುನಾವಣಾ ವೆಚ್ಚಕ್ಕೆ ಸಾರ್ವಜನಿಕ ಹಣ ಕೊಡುವ ಯೋಜನೆ ರೂಪಿಸಲು ನೇಮಿಸಿದ್ದ ಆಯೋಗ 2019ರಲ್ಲಿ ಪಕ್ಷಗಳ ಮಾನ್ಯತೆಯ ಮಿತಿಯನ್ನೂ ಏರಿಸಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿದಾಗ 2020ರ ಏಪ್ರಿಲ್‌ನಲ್ಲಿ ಶಾಸಕಾಂಗ ಅದನ್ನೇ ಬಜೆಟ್ ಮಸೂದೆಯೊಳಗೆ ಸೇರಿಸಿ ಕಾನೂನು ಮಾಡಿತು. ಹೊಸ ಮಿತಿ 1,30,000 ಮತ ಅಥವಾ ಒಟ್ಟು ಮತದ ಶೇ 2, ಎರಡರಲ್ಲಿ ಯಾವುದು ಹೆಚ್ಚೋ ಅದು. ನಾಲ್ಕು ವರ್ಷಕ್ಕೊಮ್ಮೆ ಅಲ್ಲ, ಎರಡು ವರ್ಷಕ್ಕೊಮ್ಮೆ. ಅಧ್ಯಕ್ಷ ಚುನಾವಣೆಯ ಮತವೂ ಲೆಕ್ಕಕ್ಕೆ. ಸಹಿಯ ಸಂಖ್ಯೆ 15,000ದಿಂದ 45,000ಕ್ಕೆ ಏರಿತು. 2020ರಲ್ಲಿ ಅಧ್ಯಕ್ಷ ಹುದ್ದೆಗೂ ಗ್ರೀನ್ ಅಭ್ಯರ್ಥಿಯಾಗಿದ್ದ ಹಾಕಿನ್ಸ್ ಅವರಿಗೆ ನ್ಯೂಯಾರ್ಕಿನಲ್ಲಿ ಬಂದದ್ದು ಸುಮಾರು 33 ಸಾವಿರ ಮತ. ಗ್ರೀನ್, ಲಿಬರ್ಟೇರಿಯನ್, ಇಂಡಿಪೆಂಡೆನ್ಸ್ ಪಕ್ಷಗಳು ಒಟ್ಟಿಗೇ ಮಾನ್ಯತೆ ಕಳೆದುಕೊಂಡವು. ಫೆಡರಲ್ ನ್ಯಾಯಾಲಯಗಳು ಹೊಸ ಕಾನೂನನ್ನು ಎತ್ತಿಹಿಡಿದವು. 2022ರ ಗವರ್ನರ್ ಚುನಾವಣೆಯಲ್ಲಿ ಮತಪತ್ರದ ಮೇಲೆ ಅಚ್ಚಾದ ಹೆಸರು ಎರಡೇ: ಕ್ಯಾಥಿ ಹೋಕುಲ್ ಮತ್ತು ಲೀ ಜೆಲ್ಡಿನ್. ಸುಮಾರು ಎರಡು ಕೋಟಿ ಜನರ ರಾಜ್ಯದಲ್ಲಿ ಮೂರನೆಯ ಹೆಸರೊಂದನ್ನು ಅಚ್ಚಿನಲ್ಲಿ ಕಾಣುವ ಅವಕಾಶವೇ ಮತದಾರರಿಗೆ ಇಲ್ಲವಾದದ್ದು ಪ್ರಜಾಪ್ರಭುತ್ವಕ್ಕೆ ಆದ ನಷ್ಟವೆಂದೇ ಹೇಳಬೇಕು.

ನಿಯಮವೇ ಕಾರಣ ಎನ್ನುವ ಪಂಥ

ಫ್ರೆಂಚ್ ರಾಜ್ಯಶಾಸ್ತ್ರಜ್ಞ ಮಾರಿಸ್ ಡುವೆರ್ಜೆ 1951ರಲ್ಲಿ ಪ್ರಕಟಿಸಿದ ಪಕ್ಷಗಳ ಕುರಿತ ಗ್ರಂಥದಿಂದ ಈ ಪಂಥ ಹೊರಟಿತು. ಅತಿ ಹೆಚ್ಚು ಮತ ಪಡೆದವನೇ ಗೆಲ್ಲುವ, ಒಂದೇ ಸ್ಥಾನದ ಚುನಾವಣೆ ಎರಡು ಪಕ್ಷಗಳ ಕಡೆಗೆ ಎಳೆಯುತ್ತದೆ ಎಂಬುದು ಅವರ ಸೂತ್ರ. ಈ ಎಳೆತಕ್ಕೆ ಅವರು ಎರಡು ಕಾರಣ ಕೊಟ್ಟರು. ಮೂರನೇ ಪಕ್ಷಕ್ಕೆ ಬಿದ್ದ ಮತ ಸ್ಥಾನವಾಗಿ ಬದಲಾಗುವುದಿಲ್ಲ ಎಂಬುದು ಒಂದು. ಅದನ್ನು ಕಂಡ ಮತದಾರ ಮುಂದಿನ ಬಾರಿ ತನ್ನ ಮತ ಹಾಳಾಗಬಾರದೆಂದು ಇಬ್ಬರಲ್ಲಿ ಒಬ್ಬರಿಗೆ ಹಾಕುತ್ತಾನೆ ಎಂಬುದು ಇನ್ನೊಂದು. ಗ್ಯಾರಿ ಕಾಕ್ಸ್ 1997ರಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಮಂಡಿಸಿ, ಈ ಒತ್ತಡ ಕೆಲಸ ಮಾಡುವುದು ಒಂದೊಂದು ಕ್ಷೇತ್ರದ ಮಟ್ಟದಲ್ಲಿ ಎಂದು ತೋರಿಸಿದರು.

ಕಾಕ್ಸ್ ಅವರ ಈ ತಿದ್ದುಪಡಿ ಭಾರತದವರಿಗೆ ಬೇಗ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಜೆಡಿಎಸ್ ಮೂರನೇ ಪಕ್ಷವಾಗಿ ದಶಕಗಳಿಂದ ಉಳಿದಿರುವುದು ಹಳೇ ಮೈಸೂರು ಭಾಗದ ಕ್ಷೇತ್ರಗಳಲ್ಲಿ ಅದು ಮೂರನೆಯದಲ್ಲ, ಮೊದಲ ಎರಡರಲ್ಲಿ ಒಂದು ಎಂಬ ಕಾರಣಕ್ಕೆ. ಕರ್ನಾಟಕದಲ್ಲಿ ಮುಖ್ಯಮಂತ್ರಿಯನ್ನು ಇಡೀ ರಾಜ್ಯ ನೇರವಾಗಿ ಆರಿಸುವ ಪದ್ಧತಿ ಇದ್ದಿದ್ದರೆ ಮಂಡ್ಯ, ಹಾಸನದ ಬಲ ಆ ಚುನಾವಣೆಯಲ್ಲಿ ಕರಗಿಹೋಗುತ್ತಿತ್ತು. ಅಮೆರಿಕದ ಗವರ್ನರ್ ಚುನಾವಣೆಯಲ್ಲಿ ಆಗುವುದು ಅದೇ.

ಈ ಪಂಥ ಸೋಲನ್ನು ಚೆನ್ನಾಗಿ ವಿವರಿಸುತ್ತದೆ, ಮರುಸ್ಪರ್ಧೆಯನ್ನು ವಿವರಿಸುವುದಿಲ್ಲ. ಮಾನ್ಯತೆಯ ನಿಯಮವನ್ನು ಜೊತೆಗಿಟ್ಟು ನೋಡಿದಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯಮಟ್ಟದ ಯಾವುದೇ ಒಂದು ಹುದ್ದೆಯಲ್ಲಿ ನಿಗದಿತ ಪ್ರಮಾಣ ಮುಟ್ಟಿದರೆ ಸಾಕು. ಮಿತಿ ಮೊದಲು ಶೇ 5 ಇತ್ತು, 2019ರಲ್ಲಿ ಶೇ 2ಕ್ಕೆ ಇಳಿಯಿತು. ಹಾಗಾಗಿ ಅಲ್ಲಿ ದೊಡ್ಡ ಪಕ್ಷಗಳಲ್ಲಿ ಒಂದು ಅಭ್ಯರ್ಥಿಯನ್ನೇ ಹಾಕದ ನ್ಯಾಯಾಧೀಶ ಹುದ್ದೆಯಂಥ ಸ್ಪರ್ಧೆಗಳಿಗೆ ಸಣ್ಣ ಪಕ್ಷಗಳು ಗಮನ ಕೊಡುತ್ತವೆ. ನ್ಯೂಯಾರ್ಕಿನಲ್ಲಿ ಗವರ್ನರ್ ಹುದ್ದೆಯಿಂದಲೇ ಎಲ್ಲ ನಿರ್ಧಾರವಾಗುತ್ತಿದ್ದುದರಿಂದ ಪಕ್ಷದ ಅತಿ ಪರಿಚಿತ ಮುಖ ಅಲ್ಲಿಗೇ ಹೋಗಬೇಕಿತ್ತು.

ಮತ ಒಡೆಯುವ ಆರೋಪ

ಸಾರ್ವಜನಿಕ ಚರ್ಚೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವುದು ಈ ವಾದ: ಗೆಲ್ಲದವನು ನಿಂತು ತನಗೆ ಹತ್ತಿರದ ದೊಡ್ಡ ಪಕ್ಷದ ಮತ ಒಡೆದು ದೂರದ ಪಕ್ಷವನ್ನು ಗೆಲ್ಲಿಸುತ್ತಾನೆ. ಹಾಕಿನ್ಸ್ ಅವರ ವಿಷಯದಲ್ಲಿ ಇದು ನಿಲ್ಲುವುದಿಲ್ಲ. 2014ರಲ್ಲಿ ಕುವೊಮೊ ಗೆದ್ದದ್ದು 14 ಶೇಕಡಾಂಶಗಳಷ್ಟು ಅಂತರದಿಂದ. ಬೇರೆಡೆ ಲೆಕ್ಕ ಅಷ್ಟು ಸಲೀಸಲ್ಲ. ವರ್ಜೀನಿಯಾದಲ್ಲಿ ಲಿಬರ್ಟೇರಿಯನ್ ಪಕ್ಷದ ರಾಬರ್ಟ್ ಸಾರ್ವಿಸ್ 2013ರಲ್ಲಿ ಗವರ್ನರ್ ಹುದ್ದೆಗೆ, ಮರುವರ್ಷ ಸೆನೆಟ್‌ಗೆ ನಿಂತರು. ಎರಡೂ ಬಾರಿ ಅವರಿಗೆ ಬಂದ ಮತ ಗೆದ್ದ ಡೆಮಾಕ್ರಟರ ಅಂತರಕ್ಕಿಂತ ಹೆಚ್ಚಿತ್ತು, ಎರಡೂ ಬಾರಿ ರಿಪಬ್ಲಿಕನ್ನರು ಅವರನ್ನು ದೂರಿದರು. ಆದರೆ ಮೂರನೆಯವನ ಮತವೆಲ್ಲ ಒಂದೇ ಪಕ್ಷದಿಂದ ಬಂದದ್ದು ಎಂಬ ಊಹೆಯ ಮೇಲೆ ಈ ದೂರು ನಿಂತಿದೆ. 2000ದ ಅಧ್ಯಕ್ಷ ಚುನಾವಣೆಯ ಫ್ಲಾರಿಡಾ ಮತಪತ್ರಗಳನ್ನು ಒಂದೊಂದಾಗಿ ಪರಿಶೀಲಿಸಿದ ಮೈಕೆಲ್ ಹೆರಾನ್ ಮತ್ತು ಜೆಫ್ರಿ ಲೂಯಿಸ್, ಗ್ರೀನ್ ಪಕ್ಷದ ರಾಲ್ಫ್ ನೇಡರ್ ಮತದಾರರಲ್ಲಿ ಸುಮಾರು ಶೇ 60ರಷ್ಟು ಮಂದಿ ಮಾತ್ರ ಡೆಮಾಕ್ರಟ್ ಅಲ್ ಗೋರ್ ಕಡೆ ಹೋಗುತ್ತಿದ್ದರು ಎಂದು ಅಂದಾಜಿಸಿದರು. ಅಂತರ ಕೆಲವೇ ನೂರು ಮತಗಳಿದ್ದ ಫ್ಲಾರಿಡಾದಲ್ಲಿ ಅಷ್ಟೇ ಸಾಕಾಗಿತ್ತು. ಬೇರೆ ಕಡೆ ಸಾಕಾಗದೆ ಇರಬಹುದು.

ಎರಡನೇ ಸುತ್ತಿನ ನಿಯಮ ಇರುವಲ್ಲಿ ಆರೋಪದ ರೂಪ ಬದಲಾಗುತ್ತದೆ. ಜಾರ್ಜಿಯಾದಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. 2020ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಸೆನೆಟರ್ ಡೇವಿಡ್ ಪರ್ಡ್ಯೂ ಶೇ 49.7ಕ್ಕೆ ನಿಂತರು, ಲಿಬರ್ಟೇರಿಯನ್ ಶೇನ್ ಹೇಜಲ್ ಅವರಿಗೆ ಶೇ 2.3 ಹೋಗಿತ್ತು. 2021ರ ಜನವರಿಯ ಮರುಮತದಾನದಲ್ಲಿ ಡೆಮಾಕ್ರಟ್ ಜಾನ್ ಓಸಾಫ್ ಗೆದ್ದರು, ಸೆನೆಟ್‌ನ ಹಿಡಿತವೇ ಡೆಮಾಕ್ರಟರ ಕಡೆ ವಾಲಿತು. ಹೇಜಲ್ 2022ರಲ್ಲಿ ಗವರ್ನರ್ ಹುದ್ದೆಗೂ ನಿಂತರು.

ಮೇನ್ ರಾಜ್ಯದ ಕತೆ ಇವೆಲ್ಲಕ್ಕಿಂತ ಹಳೆಯದು, ಆಳವಾದದ್ದು. 2010ರಲ್ಲಿ ಪಕ್ಷೇತರ ಎಲಿಯಟ್ ಕಟ್ಲರ್ ಶೇ 36ರಷ್ಟು ಮತ ಪಡೆದು ಶೇ 38ರಷ್ಟು ಪಡೆದ ರಿಪಬ್ಲಿಕನ್ ಪಾಲ್ ಲಪಾಜ್ ಅವರೆದುರು ಸೋತರು. ಡೆಮಾಕ್ರಟ್ ಲಿಬಿ ಮಿಚೆಲ್ ಶೇ 19ರೊಂದಿಗೆ ಮೂರನೆಯವರು. ಆ ವರ್ಷ ಮತ ಒಡೆದವರು ಯಾರು ಎಂದು ಕೇಳಿದರೆ ಅಂಕಿಗಳು ಬೊಟ್ಟು ಮಾಡುವುದು ದೊಡ್ಡ ಪಕ್ಷದ ಕಡೆಗೆ. 2014ರಲ್ಲಿ ಕಟ್ಲರ್ ಮತ್ತೆ ನಿಂತಾಗ ಜನ ಹಾಗೆ ಯೋಚಿಸಲಿಲ್ಲ. ಅವರ ಪಾಲು ಶೇ 8ಕ್ಕೆ ಕುಸಿಯಿತು, ಲಪಾಜ್ ಮತ್ತೆ ಗೆದ್ದರು, ದೂರು ಪೂರ್ತಿ ಕಟ್ಲರ್ ಮೇಲೆ ಬಂತು. ಒಬ್ಬನೇ ಅಭ್ಯರ್ಥಿ, ಒಂದೇ ಹುದ್ದೆ, ನಾಲ್ಕು ವರ್ಷದ ಅಂತರ. ಮತದಾರರ ನಿರೀಕ್ಷೆ ಬದಲಾದರೆ ಮೂರನೆಯವನ ಬಲ ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ಡುವೆರ್ಜೆ ಹೇಳಿದ ಎರಡನೇ ಕಾರಣ ಇಲ್ಲಿ ಕಣ್ಣಿಗೆ ಕಾಣುವಂತೆ ಕೆಲಸ ಮಾಡಿದೆ.

ಈ ಎರಡು ಚುನಾವಣೆಗಳ ಕಹಿ ಮೇನ್‌ನ ಮತದಾರರನ್ನು ನಿಯಮದ ಕಡೆ ತಿರುಗಿಸಿತು. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಕರ್ನಾಟಕದವರು ಬಳಸುವ ಪ್ರಾಶಸ್ತ್ಯ ಮತದ ಪದ್ಧತಿಯನ್ನೇ 2016ರ ನವೆಂಬರ್‌ನಲ್ಲಿ ಅವರು ಜನಮತಗಣನೆಯಲ್ಲಿ ಒಪ್ಪಿದರು. ಮೊದಲ ಪ್ರಾಶಸ್ತ್ಯ ಮೂರನೆಯವನಿಗೆ ಕೊಟ್ಟರೂ ಆತ ಹೊರಬಿದ್ದಾಗ ಮತ ಎರಡನೇ ಪ್ರಾಶಸ್ತ್ಯದವನಿಗೆ ಸೇರುವುದರಿಂದ ಮತ ಹಾಳಾಗುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಆದರೆ 2017ರ ಮೇ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಗವರ್ನರ್ ಆಯ್ಕೆಗೆ ಅತಿ ಹೆಚ್ಚು ಮತವೇ ಸಾಕೆಂದು ರಾಜ್ಯ ಸಂವಿಧಾನ ಹೇಳುತ್ತದೆ, ಹೊಸ ಪದ್ಧತಿ ಅದಕ್ಕೆ ಹೊಂದುವುದಿಲ್ಲ ಎಂಬ ಸಲಹಾ ಅಭಿಪ್ರಾಯ ಕೊಟ್ಟಿತು. ಸಂವಿಧಾನದಲ್ಲಿ ಆ ಮಾತು ಬಂದದ್ದು 1880ರಲ್ಲಿ. ಅದಕ್ಕೆ ಮುಂಚೆ ಬಹುಮತ ಬೇಕಿತ್ತು. ಗ್ರೀನ್‌ಬ್ಯಾಕ್ ಪಕ್ಷದ ಜೋಸೆಫ್ ಸ್ಮಿತ್ 1878 ಮತ್ತು 1879ರಲ್ಲಿ ಎರಡು ಬಾರಿ ಗವರ್ನರ್ ಹುದ್ದೆಗೆ ನಿಂತು ಎರಡನೇ ಸ್ಥಾನ ಪಡೆದರು, ಯಾರಿಗೂ ಬಹುಮತ ಬರಲಿಲ್ಲ. ಮೊದಲ ಬಾರಿ ಶಾಸಕಾಂಗ ಮೂರನೇ ಸ್ಥಾನದವರನ್ನು ಗವರ್ನರ್ ಮಾಡಿತು. ಎರಡನೇ ಬಾರಿ ರಾಜಧಾನಿ ಆಗಸ್ಟಾದಲ್ಲಿ ಶಸ್ತ್ರ ಹಿಡಿದವರು ಎದುರುಬದುರಾಗುವ ಹಂತ ಬಂತು. ಹೀಗೆ ಮೂರನೇ ಪಕ್ಷವೊಂದರ ಮರುಸ್ಪರ್ಧೆಯಿಂದ ಹುಟ್ಟಿದ ತಿದ್ದುಪಡಿ, ಇನ್ನೊಂದು ಮರುಸ್ಪರ್ಧೆಯಿಂದ ಹುಟ್ಟಿದ ಸುಧಾರಣೆಗೆ 137 ವರ್ಷಗಳ ನಂತರ ಅಡ್ಡ ನಿಂತಿತು. ಮೇನ್ ಈಗ ಪ್ರಾಶಸ್ತ್ಯ ಮತವನ್ನು ಒಳಚುನಾವಣೆಗಳಿಗೂ ಸೆನೆಟ್, ಪ್ರತಿನಿಧಿ ಸಭೆಯಂಥ ಫೆಡರಲ್ ಹುದ್ದೆಗಳಿಗೂ ಬಳಸುತ್ತದೆ. ಅದಕ್ಕೆ ಕಾರಣವಾದ ಗವರ್ನರ್ ಹುದ್ದೆಯ ಅಂತಿಮ ಚುನಾವಣೆಗೆ ಅದು ಅನ್ವಯಿಸಿಲ್ಲ.

ವಿಚಾರವನ್ನು ಮುಂದೆ ದಾಟಿಸುವವರು

ಮೂರನೇ ಪಕ್ಷ ಸೋತರೂ ಅದರ ವಿಚಾರ ಗೆಲ್ಲುತ್ತದೆ ಎಂಬುದು ಇನ್ನೊಂದು ಪಂಥ. ನ್ಯೂಯಾರ್ಕ್ ಗವರ್ನರ್ ಹುದ್ದೆಗೆ 1924 ಮತ್ತು 1938ರಲ್ಲಿ, ಅಧ್ಯಕ್ಷ ಹುದ್ದೆಗೆ 1928ರಿಂದ 1948ರವರೆಗೆ ಸತತ ಆರು ಬಾರಿ ನಿಂತ ಸೋಷಿಯಲಿಸ್ಟ್ ನಾರ್ಮನ್ ಥಾಮಸ್ ಅವರನ್ನು ಈ ಪಂಥದವರು ಮೊದಲು ನೆನೆಯುತ್ತಾರೆ. ಅವರ ಪಕ್ಷ ಬೇಡುತ್ತ ಬಂದಿದ್ದ ವೃದ್ಧಾಪ್ಯ ವೇತನ, ನಿರುದ್ಯೋಗ ವಿಮೆ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಲ್ಲಿ ಕಾನೂನಾದವು. ಶಿಗೆಓ ಹಿರಾನೊ ಮತ್ತು ಜೇಮ್ಸ್ ಸ್ನೈಡರ್ 2007ರಲ್ಲಿ ಅಂಕಿಅಂಶಗಳ ಮೂಲಕ ಈ ವಾದಕ್ಕೆ ಹೊಸ ಮಗ್ಗುಲು ಕೊಟ್ಟರು. ಅವರ ಪ್ರಕಾರ ಮೂರನೇ ಪಕ್ಷಗಳ ಮತ ಕುಸಿದದ್ದು ಮುಖ್ಯವಾಗಿ ಸರ್ಕಾರಿ ಮತಪತ್ರದಿಂದ ಅಲ್ಲ. 1930ರ ದಶಕದಲ್ಲಿ ಡೆಮಾಕ್ರಟರು ಎಡಪಂಥೀಯ ಕಾರ್ಯಕ್ರಮಗಳನ್ನು ತಮ್ಮದಾಗಿಸಿಕೊಂಡದ್ದರಿಂದ. ವಿಚಾರ ಗೆದ್ದರೆ ಪಕ್ಷ ಸೊರಗುತ್ತದೆ ಎಂಬ ಕಠಿಣ ಸತ್ಯ ಇದರಲ್ಲಿದೆ.

ಹಾಕಿನ್ಸ್ 2010ರಲ್ಲೇ, ಹವಾಮಾನ ರಕ್ಷಣೆಯನ್ನೂ ಉದ್ಯೋಗವನ್ನೂ ಜೋಡಿಸುವ ಗ್ರೀನ್ ನ್ಯೂ ಡೀಲ್ ಹೆಸರಿನಲ್ಲಿ ಮತ ಕೇಳಿದ್ದರು. 2019ರಲ್ಲಿ ಅದೇ ಹೆಸರಿನ ನಿರ್ಣಯವನ್ನು ಡೆಮಾಕ್ರಟರು ಸಂಸತ್ತಿನಲ್ಲಿ ಮಂಡಿಸಿದರು. 2014ರ ಡಿಸೆಂಬರ್ 17ರಂದು, ಚುನಾವಣೆ ಮುಗಿದು ಆರೇ ವಾರಕ್ಕೆ, ಕುವೊಮೊ ಆಡಳಿತ ಫ್ರ್ಯಾಕಿಂಗ್ ನಿಷೇಧವನ್ನು ಘೋಷಿಸಿತು. 2016ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ವೇತನದ ಕಾನೂನು ಬಂತು. ಇವೆಲ್ಲ ಗ್ರೀನ್ ಪ್ರಚಾರದಲ್ಲಿದ್ದ ಬೇಡಿಕೆಗಳು. ಆದರೂ ಶ್ರೇಯಸ್ಸನ್ನು ಪೂರ್ತಿ ಅವರಿಗೆ ಕೊಡುವುದು ಸರಿಯಾಗದು. ಫ್ರ್ಯಾಕಿಂಗ್ ವಿರುದ್ಧ ಊರೂರುಗಳ ಚಳವಳಿ ವರ್ಷಗಳಿಂದ ನಡೆದಿತ್ತು, ಟೀಚ್‌ಔಟ್ ಪಡೆದ ಮತ ಪಕ್ಷದೊಳಗಿನಿಂದಲೇ ಎಚ್ಚರಿಸಿತ್ತು, ಕನಿಷ್ಠ ವೇತನಕ್ಕಾಗಿ ಫಾಸ್ಟ್ ಫುಡ್ ಕಾರ್ಮಿಕರು 2012ರಿಂದ ಮುಷ್ಕರ ಹೂಡಿದ್ದರು. ಮೂರನೇ ಪಕ್ಷದ ಅಭ್ಯರ್ಥಿ ಈ ಒತ್ತಡವನ್ನು ಎಣಿಸಬಹುದಾದ ಮತವಾಗಿ ಪರಿವರ್ತಿಸಿದ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಮೆಟ್ಟಿಲಾಗಿ ಸೋಲು

ಮರುಸ್ಪರ್ಧೆಗಳು ನಿಜವಾಗಿ ಗೆಲುವಿಗೆ ಒಯ್ದ ಉದಾಹರಣೆಗಳು ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಮಿನೆಸೋಟಾದ ಫಾರ್ಮರ್-ಲೇಬರ್ ಪಕ್ಷದ ಫ್ಲಾಯ್ಡ್ ಓಲ್ಸನ್ 1924ರಲ್ಲಿ ಸೋತು 1930ರಲ್ಲಿ ಗವರ್ನರ್ ಆದರು, ಮುಂದೆ ಎರಡು ಬಾರಿ ಮರು ಆಯ್ಕೆಯಾದರು. ನ್ಯೂಯಾರ್ಕಿನ ಕನ್ಸರ್ವೇಟಿವ್ ಪಕ್ಷದ ಜೇಮ್ಸ್ ಬಕ್ಲಿ 1968ರಲ್ಲಿ ಸೆನೆಟ್‌ಗೆ ಸೋತು 1970ರಲ್ಲಿ ಗೆದ್ದರು. ಉಳಿದಿಬ್ಬರು ಉದಾರವಾದಿ ಮತಗಳನ್ನು ಹಂಚಿಕೊಂಡದ್ದರಿಂದ ಅವರಿಗೆ ಶೇ 39 ಸಾಕಾಯಿತು.

ಬರ್ನಿ ಸ್ಯಾಂಡರ್ಸ್ ಅವರ ಹಾದಿ ಇನ್ನೂ ಉದ್ದ. ವರ್ಮಾಂಟ್‌ನ ಲಿಬರ್ಟಿ ಯೂನಿಯನ್ ಪಕ್ಷದಿಂದ 1972ರಲ್ಲಿ ಸೆನೆಟ್ ಉಪಚುನಾವಣೆಯಲ್ಲಿ ಶೇ 2, ಅದೇ ವರ್ಷ ಗವರ್ನರ್ ಹುದ್ದೆಗೆ ಶೇ 1, 1974ರಲ್ಲಿ ಸೆನೆಟ್‌ಗೆ ಶೇ 4, 1976ರಲ್ಲಿ ಗವರ್ನರ್ ಹುದ್ದೆಗೆ ಶೇ 6. ನಾಲ್ಕು ಸೋಲು. 1977ರಲ್ಲಿ ಅವರು ಪಕ್ಷ ಬಿಟ್ಟರು. 1981ರಲ್ಲಿ ಬರ್ಲಿಂಗ್ಟನ್ ನಗರದ ಮೇಯರ್ ಸ್ಥಾನವನ್ನು ಪಕ್ಷೇತರರಾಗಿ ಕೇವಲ 10 ಮತಗಳಿಂದ ಗೆದ್ದರು. 1986ರಲ್ಲಿ ಮತ್ತೆ ಗವರ್ನರ್ ಹುದ್ದೆಗೆ ನಿಂತಾಗ ಶೇ 14 ಬಂತು. 1988ರಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರವಾಗಿರುವ ಪ್ರತಿನಿಧಿ ಸಭೆಯ ಸ್ಥಾನಕ್ಕೆ ನಿಂತು ಎರಡನೆಯವರಾದರು, ಡೆಮಾಕ್ರಟ್ ಮೂರನೆಯವರಾದರು. 1990ರಲ್ಲಿ ಗೆದ್ದರು. ಈ ಪಟ್ಟಿಯನ್ನು ಪಂಥಗಳು ತಮತಮಗೆ ಬೇಕಾದಂತೆ ಓದುತ್ತವೆ. ಮೊದಲ ನಾಲ್ಕು ಸೋಲುಗಳೇ ಹೆಸರು ಪರಿಚಯಿಸಿದವು ಎನ್ನುವವರು ಒಂದು ಕಡೆ, ಪಕ್ಷ ಬಿಟ್ಟು ಒಂದು ನಗರವನ್ನು ಚೆನ್ನಾಗಿ ಆಳಿ ತೋರಿಸಿದ ಮೇಲೆಯೇ ರಾಜ್ಯ ಒಲಿಯಿತು ಎನ್ನುವವರು ಇನ್ನೊಂದು ಕಡೆ. 1976ರ ಶೇ 6 ಮತ್ತು 1988ರ ಶೇ 37ರ ನಡುವೆ ಬದಲಾದದ್ದು ಮುಖ್ಯವಾಗಿ ಮೇಯರ್ ಹುದ್ದೆಯ ಏಳಕ್ಕೂ ಹೆಚ್ಚು ವರ್ಷ. ಎರಡನೇ ಓದಿಗೇ ಹೆಚ್ಚು ತೂಕ.

ಮೊದಲ ಯತ್ನದಲ್ಲೇ ಗೆದ್ದವರೂ ಇದ್ದಾರೆ: 1990ರಲ್ಲಿ ಕನೆಕ್ಟಿಕಟ್‌ನ ಲೋವೆಲ್ ವೈಕರ್, 1998ರಲ್ಲಿ ಮಿನೆಸೋಟಾದ ಜೆಸ್ಸಿ ವೆಂಚುರಾ. ವೈಕರ್ ಅದಾಗಲೇ ಮಾಜಿ ಸೆನೆಟರ್, ವೆಂಚುರಾ ಹೆಸರಾಂತ ಕುಸ್ತಿಪಟು. ಇಬ್ಬರ ಪಕ್ಷವೂ ಅವರ ನಂತರ ಬೆಳೆಯಲಿಲ್ಲ.

ಒಬ್ಬರೇ ಮುಖವಾದಾಗ

ಇನ್ನೊಂದು ಟೀಕೆ ಮೂರನೇ ಪಕ್ಷಗಳ ಒಳಗಿನಿಂದಲೇ ಬರುತ್ತದೆ. ರಾಜ್ಯಮಟ್ಟದ ಸ್ಪರ್ಧೆ ಹಣ, ಕಾರ್ಯಕರ್ತರ ಸಮಯ ಎರಡನ್ನೂ ನುಂಗುತ್ತದೆ; ಅದನ್ನೇ ನಗರಸಭೆ, ಶಾಲಾ ಮಂಡಳಿಗಳಿಗೆ ಹಾಕಿದರೆ ನಿಜವಾಗಿ ಗೆಲ್ಲಬಹುದು ಎಂಬುದು ಅದರ ಸಾರ. ಮ್ಯಾಸಚೂಸೆಟ್ಸ್‌ನಲ್ಲಿ ಗ್ರೀನ್ ಪಕ್ಷದ ಜಿಲ್ ಸ್ಟೈನ್ 2002ರಲ್ಲಿ ಗವರ್ನರ್ ಹುದ್ದೆಗೆ ಶೇ 3.5, 2010ರಲ್ಲಿ ಶೇ 1.4 ಪಡೆದರು. ನಡುವೆ 2006ರಲ್ಲಿ ರಾಜ್ಯ ಕಾರ್ಯದರ್ಶಿ ಹುದ್ದೆಗೆ, ರಿಪಬ್ಲಿಕನ್ ಅಭ್ಯರ್ಥಿಯೇ ಇಲ್ಲದ ಸ್ಪರ್ಧೆಯಲ್ಲಿ, ಶೇ 18ರ ಹತ್ತಿರ ಬಂತು. ಕ್ಯಾಲಿಫೋರ್ನಿಯಾದಲ್ಲಿ ಅದೇ ಪಕ್ಷದ ಪೀಟರ್ ಕಮೇಹೊ ಗವರ್ನರ್ ಹುದ್ದೆಗೆ 2002ರಲ್ಲಿ ಶೇ 5.3, ಗವರ್ನರ್ ಅವರನ್ನು ಅವಧಿಗೆ ಮೊದಲೇ ಕೆಳಗಿಳಿಸಲು ಮರುವರ್ಷ ನಡೆದ ಮರುಕರೆ ಚುನಾವಣೆಯಲ್ಲಿ ಶೇ 2.8, 2006ರಲ್ಲಿ ಶೇ 2.4 ಪಡೆದರು. ಈ ಅಂಕಿಗಳಲ್ಲಿ ಏರಿಕೆಗಿಂತ ಇಳಿಕೆಯೇ ಹೆಚ್ಚು. ಅಭ್ಯರ್ಥಿಯ ಅನುಭವಕ್ಕಿಂತ ಆ ವರ್ಷ ದೊಡ್ಡ ಪಕ್ಷಗಳ ಬಗ್ಗೆ ಜನರಿಗಿದ್ದ ಬೇಸರವೇ ಮತವನ್ನು ನಿರ್ಧರಿಸುತ್ತದೆ ಎಂಬ ವಾದಕ್ಕೆ ಇದು ಬಲ ಕೊಡುತ್ತದೆ. ಅಧ್ಯಕ್ಷ ಚುನಾವಣೆಗಳನ್ನು ಮುಂದಿಟ್ಟುಕೊಂಡು ಸ್ಟೀವನ್ ರೋಸೆನ್‌ಸ್ಟೋನ್ ಮತ್ತು ಸಂಗಡಿಗರು 1984ರಲ್ಲೇ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು.

ಇನ್ನೂ ಇತ್ಯರ್ಥವಾಗದ್ದು

ಮೂರನೆಯವನು ನಿಲ್ಲದಿದ್ದರೆ ಅವನ ಮತದಾರರಲ್ಲಿ ಎಷ್ಟು ಮಂದಿ ಮನೆಯಲ್ಲೇ ಉಳಿಯುತ್ತಿದ್ದರು ಎಂಬುದು ಮೊದಲ ತೊಡಕು. ಸಮೀಕ್ಷೆಗಳಲ್ಲಿ ಇವರ ಸಂಖ್ಯೆ ತೀರ ಕಡಿಮೆ ಇರುವುದರಿಂದ ಗವರ್ನರ್ ಚುನಾವಣೆಗಳ ಮಟ್ಟಿಗೆ ಗಟ್ಟಿಯಾದ ಅಂದಾಜು ಕಷ್ಟ, ಮತ ಒಡೆದ ಆರೋಪದ ಸತ್ಯಾಸತ್ಯತೆ ಇದರ ಮೇಲೇ ನಿಂತಿದೆ. ನೀತಿಯ ಮೇಲಾಗುವ ಪರಿಣಾಮದಲ್ಲಿ ಚಳವಳಿಯ ಪಾಲು ಎಷ್ಟು, ಅಭ್ಯರ್ಥಿಯ ಪಾಲು ಎಷ್ಟು ಎಂದು ಬೇರ್ಪಡಿಸುವ ವಿಧಾನವೂ ಯಾರಿಗೂ ದಕ್ಕಿಲ್ಲ.

ಪ್ರಾಶಸ್ತ್ಯ ಮತ ಮೂರನೇ ಪಕ್ಷಗಳನ್ನು ಬೆಳೆಸುತ್ತದೆಯೋ, ಬರೀ ಅವುಗಳ ಮೇಲಿನ ಆರೋಪವನ್ನು ತೊಡೆಯುತ್ತದೆಯೋ ಎಂಬುದು ಇನ್ನೊಂದು. ಆಸ್ಟ್ರೇಲಿಯಾದ ಕೆಳಮನೆ ಒಂದು ಶತಮಾನದಿಂದ ಈ ಪದ್ಧತಿ ಬಳಸಿದರೂ ಅಧಿಕಾರ ಎರಡು ಬಣಗಳ ನಡುವೆಯೇ ತಿರುಗಿದೆ. ಅಮೆರಿಕದಲ್ಲಿ ಮೇನ್ ನಂತರ ಅಲಾಸ್ಕಾ 2020ರಲ್ಲಿ ಇದನ್ನು ಒಪ್ಪಿತು. ಆದರೆ 2024ರ ನವೆಂಬರ್‌ನಲ್ಲಿ ಆರೆಗನ್, ಐಡಾಹೊ, ಕೊಲರಾಡೊ, ನೆವಾಡಾ ರಾಜ್ಯಗಳ ಮತದಾರರು ಇಂಥ ಪ್ರಸ್ತಾವಗಳನ್ನು ತಿರಸ್ಕರಿಸಿದರು, ಮಿಸೌರಿ ಅದನ್ನು ನಿಷೇಧಿಸಿತು. ಸುಧಾರಣೆಯ ಬಗ್ಗೆ ಜನರಿಗೇ ಇರುವ ಈ ಹಿಂಜರಿಕೆಗೆ ನಿಯಮವಾದಿಗಳ ಬಳಿ ಒಪ್ಪುವಂಥ ವಿವರಣೆ ಇಲ್ಲ.

ಮಾನ್ಯತೆಯ ಮಿತಿ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ಶಾಸಕಾಂಗಗಳಿಗೇ ಬಿಟ್ಟಿವೆ. ನ್ಯೂಯಾರ್ಕಿನ ಹೊಸ ಮಿತಿಯಡಿ ಸಣ್ಣ ಪಕ್ಷ ಪ್ರತಿ ಎರಡು ವರ್ಷಕ್ಕೆ, ಒಮ್ಮೆ ಗವರ್ನರ್ ಹುದ್ದೆಗೆ, ಒಮ್ಮೆ ಅಧ್ಯಕ್ಷ ಹುದ್ದೆಗೆ, ತನ್ನ ಬಲವನ್ನು ತೋರಿಸಬೇಕು. ಅಲ್ಲಿ ಉಳಿದಿರುವ ಕನ್ಸರ್ವೇಟಿವ್ ಮತ್ತು ವರ್ಕಿಂಗ್ ಫ್ಯಾಮಿಲೀಸ್ ಪಕ್ಷಗಳು ಆ ಮಿತಿ ದಾಟುವುದು ದೊಡ್ಡ ಪಕ್ಷಗಳ ಅಭ್ಯರ್ಥಿಗಳನ್ನೇ ತಮ್ಮ ಸಾಲಿನ ಮೇಲೆ ನಿಲ್ಲಿಸಿ. ಸ್ವಂತ ಅಭ್ಯರ್ಥಿಯೊಂದಿಗೆ ಅದನ್ನು ದಾಟಬಲ್ಲ ಪಕ್ಷ ಯಾವುದು, ಅಥವಾ 45,000 ಸಹಿ ಕೂಡಿಸಿಕೊಂಡು ಮತ್ತೆ ಮತ್ತೆ ಬರಬಲ್ಲವರು ಯಾರು ಎಂಬುದಕ್ಕೆ ಹಾಕಿನ್ಸ್ ನಂತರದ ನ್ಯೂಯಾರ್ಕಿನಲ್ಲಿ ಉತ್ತರ ದೊರೆತಿಲ್ಲ.